ರೋಸಾ ಬೊನರ್ ಎಂಬ ಚಿತ್ರಕಾರ್ತಿಯ ಚರಿತ್ರೆ

ಪಾಠದ ಪುಸ್ತಕದ ಅಂಚಿನಲ್ಲಿ ನಾಯಿ ಬೆಕ್ಕುಗಳನ್ನು ಬರೆದು ಉಪಾಧ್ಯಾಯಿನಿಯರಿಂದ ಗದರಿಸಿಕೊಂಡ ಬಾಲಕಿಯರು ಪ್ರತಿಯೊಂದು ತರಗತಿಯಲ್ಲಿಯೂ ಇಬ್ಬರು ಮೂವರಾದರೂ ಇರುವರು. ಫ್ರಾನ್ಸ್ ದೇಶದಲ್ಲಿ ಅಂಥ ಬಾಲಕಿಯೊಬ್ಬಳಿದ್ದಳು. ಆಕೆಯು ಯಾವ ಶಾಲೆಯಲ್ಲಿಯೂ ನೆಲೆಯಾಗಿ ನಿಲ್ಲಲಿಲ್ಲ. ಹೊಲಿಗೆಯ ಕೆಲಸಕ್ಕೆ ಹಾಕಿದರೆ ಅಲ್ಲಿಯೂ ನಿಲ್ಲಲಿಲ್ಲ. ಆದರೂ ಅವಳು ದೊಡ್ಡವಳಾದ ಮೇಲೆ ಆ ದೇಶದ ಚಕ್ರವರ್ತಿನಿಯು ತಾನಾಗಿ ಅವಳ ಮನೆಯ ಬಾಗಿಲಿಗೆ ಬಂದು, ರಾಜ್ಯದ ಗೌರವ ಪದಕವನ್ನು ತನ್ನ ಕೈಯಿಂದಲೇ ಅವಳಿಗೆ ತೊಡಿಸಿದಳು. ಪ್ರಾಣಿಗಳ ಚಿತ್ರಗಳನ್ನು ಬರೆಯುವುದರಲ್ಲಿ ತನ್ನ ಕಾಲದವರೊಳಗೆ ಅಗ್ರಗಣ್ಯಳೆನಿಸಿಕೊಂಡ ಈ ಸ್ತ್ರೀಯ ಹೆಸರು ರೋಸಾ ಬೊನರ್. ಆಕೆಯ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರಿಗೆ ತಿಳಿಸಬೇಕೆಂಬ ಆಶೆಯು ನನಗೆ ಬಹು ದಿನಗಳಿಂದ ಇದ್ದಿತು. ಶಾಲೆಯನ್ನು ನಡಿಸುವ ನಾನೇ ಶಾಲೆಯಲ್ಲಿ ನಿಲ್ಲದ ಹುಡುಗಿಯ ಕಥೆಯನ್ನು ಹೇಳುವುದು ಹೇಗೆಂಬ ಸಂಕೋಚದಿಂದ ಇಷ್ಟು ಕಾಲ ತಡೆದಿದ್ದೆನು.

ರೋಸಾ 1822 ನೆಯ ಇಸವಿ ಮಾರ್ಚಿ 16 ನೆಯ ತಾರೀಖಿನಲ್ಲಿ ಬೋರ್ಡೋ ಪಟ್ಟಣದಲ್ಲಿ ಹುಟ್ಟಿದಳು. ಇದು ಫ್ರಾನ್ಸಿನ ನೈಋತ್ಯ ಭಾಗದಲ್ಲಿರುವ ಒಂದು ದೊಡ್ಡ ವ್ಯಾಪಾರದ ಊರು. ತಂದೆಯಾದ ರೇಮಂಡ್ ಬೊನರನು ಚಿತ್ರಕಾರನು. ಚಿತ್ರ ಬರೆಯುವುದನ್ನು ಕಲಿಸಿ ಜೀವನ ಮಾಡುತ್ತಿದ್ದನು. ತಾಯಿಯಾದ ಸೋಫಿಯು ಮೊದಲು ಅವನ ಶಿಷ್ಯಳಾಗಿದ್ದು, ಬಳಿಕ ಅವನನ್ನು ಮದುವೆಯಾದವಳು. ಪಿಯಾನೋ ನುಡಿಸುವುದನ್ನು ಮಕ್ಕಳಿಗೆ ಕಲಿಸುತ್ತಿದ್ದಳು. ಇವರ ನಾಲ್ವರು ಮಕ್ಕಳಲ್ಲಿ ರೋಸಾ ಹಿರಿಯಳು. ಬೊನರ್ ಎಂಬ ಮಾತಿಗೆ ಅವರ ಭಾಷೆಯಲ್ಲಿ ಸುಖವೆಂದು ಅರ್ಥವಾಗುತ್ತದೆ. ಆದರೆ ಆ ಮನೆಯಲ್ಲಿ ಹೆಸರಿನ ಹೊರತು ಬೇರೆ ಐಶ್ವರ್ಯವೇನೂ ಇರಲಿಲ್ಲ.

ಮಾತುಗಳು ಚೆನ್ನಾಗಿ ಬರುವುದಕ್ಕಿಂತ ಮುಂಚೆಯೇ ಈ ಮಗುವು ಸೀಸದ ಕಡ್ಡಿಯನ್ನೂ ಕಾಗದವನ್ನೂ ಹಿಡಿದು ಗಂಟೆಗಟ್ಟಲೆ ಗೀಚುತ್ತ ಕುಳಿತಿರುತ್ತಿದ್ದಳು. ಅಕ್ಷರಗಳನ್ನು ಕಲಿಯುವುದೆಂದರೆ ಮಾತ್ರ ಅವಳಿಗೆ ಬೇಸರ. ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತದು. ಆಗ ತಾಯಿಯು ಒಂದು ಉಪಾಯವನ್ನು ಕಂಡುಹಿಡಿದಳು. ಒಂದೊಂದು ಅಕ್ಷರದ ಎದುರಿಗೆ ಆ ಅಕ್ಷರದಿಂದ ಹೆಸರು ಮೊದಲಾಗುವ ಒಂದೊಂದು ಪ್ರಾಣಿಯ ಚಿತ್ರವನ್ನು ಬರೆಯಬೇಕೆಂದು ಮಗಳಿಗೆ ಹೇಳಿದಳು. ಫ್ರೆಂಚ್ ಭಾಷೆಯಲ್ಲಿ ಕತ್ತೆಯ ಹೆಸರಿನ ಮೊದಲಕ್ಷರವು ಎ, ಎತ್ತಿನದು ಬಿ, ಬೆಕ್ಕಿನದು ಸಿ. ಹೀಗೆ ಪ್ರಾಣಿಗಳ ಬಾಲ ಹಿಡಿದುಕೊಂಡು ಬಾಲಕಿಯು ಅಕ್ಷರಗಳೆಲ್ಲವನ್ನೂ ದಾಟಿಬಿಟ್ಟಳು. ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕ್ರಮವನ್ನು ಕುರಿತು ದೊಡ್ಡ ದೊಡ್ಡ ಗ್ರಂಥಗಳಿರುವವು. ಟ್ರೈನಿಂಗ್ ಶಾಲೆಯಲ್ಲಿ ನಾವು ಅವುಗಳನ್ನು ಬಾಯಿಪಾಠ ಮಾಡಿದ್ದೂ ಉಂಟು. ಯಾವ ಗ್ರಂಥವನ್ನೂ ಓದದೆ ಈ ಬಡ ತಾಯಿಯು ಮಾಡಿದ ಕೆಲಸವು ಅವುಗಳಲ್ಲಿ ಹೇಳಿದುದಕ್ಕಿಂತ ಏನೂ ಕಡಿಮೆಯಲ್ಲವೆಂದು ನನ್ನ ಅಭಿಪ್ರಾಯ. ರೋಸಾ ತನ್ನ ಪ್ರಾಣಿಪ್ರೀತಿಗೆ ತಾಯಿಯ ಈ ಪಾಠವೇ ಮೂಲವೆಂದು ಮುದುಕಿಯಾದ ಮೇಲೆಯೂ ನೆನಸಿಕೊಳ್ಳುತ್ತಿದ್ದಳು.

ಹೆಚ್ಚಿನ ಸಂಪಾದನೆಯಾಗಬಹುದೆಂದು ತಂದೆಯು 1828 ರಲ್ಲಿ ಪ್ಯಾರಿಸ್ ರಾಜಧಾನಿಗೆ ಹೋದನು. ಮರುವರ್ಷ ಹೆಂಡತಿಮಕ್ಕಳೂ ಅಲ್ಲಿಗೆ ಹೋಗಿ ಸೇರಿದರು. ಅಲ್ಲಿ ಅವನಿಗೆ ಸಾಂ ಸಿಮೋನನ ಮತದವರ ಸಹವಾಸವಾಯಿತು. ಇವರು ಬಡವ ಬಲ್ಲಿದರೆಂಬ ಭೇದವಿಲ್ಲದ ಹೊಸ ಸಮಾಜವನ್ನು ಕಟ್ಟಬೇಕೆಂದೂ, ಸ್ತ್ರೀಯರಿಗೆ ಪುರುಷರೊಡನೆ ಸಮಾನವಾದ ಹಕ್ಕು ಇರಬೇಕೆಂದೂ ಹೇಳುತ್ತಿದ್ದರು. ರೇಮಂಡನು 1832 ರಲ್ಲಿ ಮನೆಯನ್ನು ಬಿಟ್ಟು ಅವರ ಆಶ್ರಮದಲ್ಲಿಯೇ ಹೋಗಿ ನಿಂತನು. ಸ್ತ್ರೀಯರ ಸಮಾನತೆಯನ್ನು ಸಾರುವುದಕ್ಕಾಗಿ ಸ್ವಂತ ಹೆಂಡತಿಯ ಮೇಲೆ ನಾಲ್ಕು ಮಕ್ಕಳ ಭಾರವನ್ನು ಹೊರಿಸಿ ಹೋದ ಈ ಮನುಷ್ಯನನ್ನು ಏನೆನ್ನಬೇಕೋ ತಿಳಿಯದು. ಸೋಫಿಯು ಹಗಲು ಸಂಗೀತದ ಪಾಠಗಳನ್ನು ಹೇಳಿ, ರಾತ್ರಿ ದೀಪದ ಮುಂದೆ ಹೊಲಿಗೆ ಹೊಲಿದು ಮಕ್ಕಳ ಹೊಟ್ಟೆಗೆ ಹಾಕಿದಳು. ದೇಹವು ಸೋತುಹೋಯಿತು. 1833 ರಲ್ಲಿ ಆಕೆಯು ತೀರಿಹೋದಳು. ಪ್ರತ್ಯೇಕವಾದ ಸಮಾಧಿಗೆ ಸ್ಥಳ ಕೊಳ್ಳಲು ಹಣವಿರಲಿಲ್ಲವಾದುದರಿಂದ ದಿಕ್ಕಿಲ್ಲದವರನ್ನು ಹೂಳುವ ಸಾಮಾನ್ಯವಾದ ಕುಣಿಯಲ್ಲಿ ಹೂಳಿದರು. ಆಗ ರೋಸಾಳಿಗೆ ಹನ್ನೊಂದು ವರ್ಷ.

ತಾಯಿಯಿಲ್ಲದ ಹುಡುಗಿಯನ್ನು ಸರಿಯಾದ ದಾರಿಗೆ ತರಬೇಕೆಂದು ಹಲವರು ಪ್ರಯತ್ನಪಟ್ಟರು. ಶಾಲೆಗಳಿಗೆ ಸೇರಿಸಿದರು, ಶಾಲೆಗಳು ಅವಳನ್ನು ಹಿಂದಕ್ಕೆ ಕಳುಹಿಸಿದವು. ಒಂದು ವಸತಿ ಶಾಲೆಯಲ್ಲಿ ಅವಳು ಸಂಗಡಿಗರನ್ನು ಕುದುರೆಯ ದಂಡಾಗಿ ಮಾಡಿ, ಕೈಗೆ ಮರದ ಕತ್ತಿಗಳನ್ನು ಕೊಟ್ಟು, ತೋಟದೊಳಗೆ ಯುದ್ಧಕ್ಕೆ ನಡಿಸಿದಳೆಂದೂ, ಯುದ್ಧವು ಮುಗಿಯುವಾಗ ಯಜಮಾನಿಯ ಗುಲಾಬಿ ಗಿಡಗಳಲ್ಲಿ ಒಂದೂ ಉಳಿಯಲಿಲ್ಲವೆಂದೂ ಹೇಳುವರು. ಗುಲಾಬಿ ಗಿಡಗಳನ್ನು ಬೆಳೆಯಿಸಿದವರಿಗೆ ಮಾತ್ರ ಆ ಯಜಮಾನಿಯ ದುಃಖವು ಗೊತ್ತು. ಬಳಿಕ, ಹನ್ನೆರಡು ವರ್ಷದವಳಾದಾಗ, ಹೊಲಿಗೆಯಾದರೂ ಕಲಿತು ಬದುಕಲೆಂದು ಒಬ್ಬ ಹೊಲಿಗೆಯಾಕೆಯ ಬಳಿಯಲ್ಲಿ ಬಿಟ್ಟರು. ತಾಯಿಯ ಪ್ರಾಣವನ್ನು ತಿಂದ ಸೂಜಿಯು ಮಗಳ ಕೈಗೆ ಹತ್ತಲಿಲ್ಲ. ಕೊನೆಗೆ ತಂದೆಯೇ ಸೋತು, ಅವಳನ್ನು ತನ್ನ ಚಿತ್ರಶಾಲೆಯೊಳಗೆ ಬಿಟ್ಟುಕೊಂಡನು. ಹಿಂದೆ ಮಾಡಿದ ತಪ್ಪಿಗೆ ಅವನು ಇಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡನೆನ್ನಬಹುದು. ಹುಡುಗಿಯೆಂದು ವಿನಾಯಿತಿಯಿಲ್ಲದೆ, ಗಂಡುಮಕ್ಕಳಿಗೆ ಕಲಿಸುವಷ್ಟೇ ಬಿಗುವಾಗಿ ಅವಳಿಗೆ ಕಲಿಸಿದನು. ಮೊದಲು ಅಚ್ಚಿನ ಚಿತ್ರಗಳನ್ನು ನೋಡಿ ಬರೆಯುವುದು. ಆಮೇಲೆ ಗಾರೆಯ ಬೊಂಬೆಗಳನ್ನು ನೋಡಿ ಬರೆಯುವುದು. ಅದು ಕೈಗೆ ಬಂದ ಮೇಲೆ ಜೀವವಿರುವ ಪ್ರಾಣಿಯನ್ನು ನೋಡಿ ಬರೆಯುವುದು. ಶಾಲೆಯಲ್ಲಿ ಅರ್ಧ ಗಂಟೆ ಕುಳಿತಿರಲಾರದ ಹುಡುಗಿಯು ಇಲ್ಲಿ ದಿನವೆಲ್ಲಾ ಕದಲದೆ ಕುಳಿತಳು.

ಪ್ಯಾರಿಸಿನಲ್ಲಿ ಸರಕಾರದ ದೊಡ್ಡ ಚಿತ್ರಕಲಾ ವಿದ್ಯಾಲಯವಿದ್ದಿತು. ಆದರೆ ಅದರೊಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಅವರಿಗೆ ಅದರ ಬಾಗಿಲು ತೆರೆದದ್ದು 1897 ರಲ್ಲಿ. ಆಗ ರೋಸಾಳಿಗೆ ಎಪ್ಪತ್ತೈದು ವರ್ಷ. ಆದಕಾರಣ ಅವಳು ತನ್ನ ವಿದ್ಯಾಲಯಗಳನ್ನು ತಾನೇ ಹುಡುಕಿಕೊಂಡಳು. ಮೊದಲನೆಯದು ಲೂವ್ರ್ ಅರಮನೆ. ಅಲ್ಲಿ ಪೂರ್ವಕಾಲದ ಮಹಾ ಚಿತ್ರಕಾರರ ಕೃತಿಗಳನ್ನು ಸರ್ವರೂ ನೋಡುವಂತೆ ಇಟ್ಟಿರುವರು. ಹದಿನಾಲ್ಕು ವರ್ಷದ ರೋಸಾ ದಿನವೂ ಅಲ್ಲಿಗೆ ಹೋಗಿ, ಆ ಚಿತ್ರಗಳ ಪ್ರತಿಗಳನ್ನು ಬರೆದು ಮಾರಿ, ಬಂದ ಹಣವನ್ನು ಮನೆಯ ಖರ್ಚಿಗೆ ಕೊಡುತ್ತಿದ್ದಳು. ಎರಡನೆಯ ವಿದ್ಯಾಲಯವು ಅವರ ಮನೆಯೇ. ಮನೆಯು ಆರನೆಯ ಅಂತಸ್ತಿನಲ್ಲಿದ್ದಿತು. ಆದರೂ ರೋಸಾ ಅಲ್ಲಿ ಒಂದು ಕುರಿಯನ್ನು ಸಾಕಿದ್ದಳು. ತಮ್ಮನಾದ ಇಸಿದೋರನು ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಮೆಟ್ಟಲುಗಳನ್ನಿಳಿದು, ಹುಲ್ಲು ಮೇಯಿಸಿ, ಮತ್ತೆ ಹೊತ್ತುಕೊಂಡು ಹತ್ತಿ ಬರುತ್ತಿದ್ದನು. ಅಕ್ಕನಿಗಾಗಿ ಇಷ್ಟು ಮಾಡಿದ ಈ ತಮ್ಮನೂ ಮುಂದೆ ಪ್ರಾಣಿಗಳ ಪ್ರತಿಮೆಗಳನ್ನು ಮಾಡುವುದರಲ್ಲಿ ಹೆಸರುವಾಸಿಯಾದನು.

ಮೂರನೆಯ ವಿದ್ಯಾಲಯದ ಹೆಸರನ್ನು ಹೇಳಿದರೆ ಬಾಲಕಿಯರು ಮೂಗು ಮುಚ್ಚಿಕೊಳ್ಳುವರು. ಅದು ಪಟ್ಟಣದ ಕಸಾಯಿಖಾನೆ. ಚರ್ಮದ ಕೆಳಗೆ ಎಲುಬುಗಳೂ ಸ್ನಾಯುಗಳೂ ಹೇಗೆ ಕೂಡಿಕೊಂಡಿರುವವೆಂಬುದನ್ನು ಅರಿಯದೆ ಮೇಲಿನ ರೂಪವನ್ನು ಸರಿಯಾಗಿ ಬರೆಯಲಾಗದೆಂದು ರೋಸಾ ತಿಳಿದುಕೊಂಡಿದ್ದಳು. ಆದಕಾರಣ ಪ್ರಾಣಿಗಳನ್ನು ಅಷ್ಟೊಂದು ಪ್ರೀತಿಸುವ ಅವಳು, ರಕ್ತದ ಮಧ್ಯದಲ್ಲಿ, ಒರಟು ಗಂಡಸರ ಹಾಸ್ಯವನ್ನು ಸಹಿಸಿಕೊಂಡು, ದಿನಗಟ್ಟಲೆ ನಿಂತು ಬರೆದಳು. ಅವರಲ್ಲಿ ಒಬ್ಬ ದಯಾಳುವಾದ ಕೆಲಸಗಾರನು ಇವಳ ಪಕ್ಕಕ್ಕೆ ನಿಂತು ಉಳಿದವರನ್ನು ಸುಮ್ಮನಿರಿಸಿದ ಮೇಲೆ ತೊಂದರೆಯು ಕಡಿಮೆಯಾಯಿತು. ಪಶುವೈದ್ಯ ಶಾಲೆಯಲ್ಲಿ ಸತ್ತ ಪ್ರಾಣಿಗಳನ್ನು ಸೀಳಿಯೂ ನೋಡಿ ಕಲಿತಳು. ಹತ್ತು ನಿಮಿಷ ಬಿಡಿಸಿ ಚಿತ್ರವು ಚೆನ್ನಾಗಿ ಬರಲಿಲ್ಲವೆಂದು ಕಾಗದವನ್ನು ಹರಿದುಹಾಕುವವರು ಈ ಸಂಗತಿಯನ್ನು ಸ್ವಲ್ಪ ಆಲೋಚಿಸಲಿ.

ಪ್ಯಾರಿಸಿನಲ್ಲಿ ಸರಕಾರದವರು ನಡಿಸುತ್ತಿದ್ದ ಚಿತ್ರಪ್ರದರ್ಶನಕ್ಕೆ ಸಲೋನ್ ಎಂದು ಹೆಸರು. ತಜ್ಞರ ಮಂಡಲಿಯವರು ನೋಡಿ ಒಪ್ಪಿದ ಚಿತ್ರಗಳನ್ನು ಮಾತ್ರ ಅಲ್ಲಿ ತೂಗಹಾಕುವರು. 1841 ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ರೋಸಾ ಎರಡು ಚಿಕ್ಕ ಚಿತ್ರಗಳನ್ನು ಕಳುಹಿಸಿದಳು. ಒಂದರಲ್ಲಿ ಆಡು ಕುರಿಗಳು, ಇನ್ನೊಂದರಲ್ಲಿ ಎರಡು ಮೊಲಗಳು. ಇವೆರಡನ್ನೂ ಅಂಗೀಕರಿಸಿದರು. 1845 ರಲ್ಲಿ ಮೂರನೆಯ ತರಗತಿಯ ಪದಕವೂ, 1848 ರಲ್ಲಿ ಚಿನ್ನದ ಪದಕವೂ ದೊರೆತವು. ಅದರ ಬೆನ್ನಿಗೇ, ಉಳುಮೆಯ ಒಂದು ದೊಡ್ಡ ಚಿತ್ರವನ್ನು ಬರೆದುಕೊಡಬೇಕೆಂದು ಸರಕಾರದವರು 3,000 ಫ್ರಾಂಕುಗಳಿಗೆ ಒಪ್ಪಂದ ಮಾಡಿದರು.

ಆ ಚಿತ್ರಕ್ಕಾಗಿ ರೋಸಾ ಫ್ರಾನ್ಸಿನ ನಡುನಾಡಾದ ನಿವೆರ್ನೇ ಎಂಬ ಪ್ರಾಂತಕ್ಕೆ ಹೋಗಿ, ಅಲ್ಲಿಯ ಹೊಲಗಳನ್ನೂ ಎತ್ತುಗಳನ್ನೂ ನೋಡಿ ಬರೆದುಕೊಂಡು ಬಂದಳು. 1849 ರಲ್ಲಿ ಸಿದ್ಧವಾದ ಈ ಚಿತ್ರವು ಎಂಟೂವರೆ ಅಡಿ ಉದ್ದವಾಗಿದೆ. ನೋಡಿದರೆ ವಿಶೇಷವೇನೂ ಇಲ್ಲವೆಂದು ತೋರುವುದು. ಮೇಲೆ ತಿಳಿಯಾದ ಆಕಾಶ. ಹಿಂದೆ ಒಂದು ಕಾಡು ಬೆಳೆದ ಗುಡ್ಡ. ಮುಂದೆ ಆಗತಾನೇ ಮಗುಚಿದ ಹಸಿ ಮಣ್ಣಿನ ಹೆಂಟೆಗಳು. ನೇಗಿಲೊಂದಕ್ಕೆ ಮೂರು ಜೊತೆಯಂತೆ ಹನ್ನೆರಡು ಎತ್ತುಗಳು ಏರನ್ನು ಎಳೆಯುತ್ತ ನಮ್ಮೆದುರಿನಿಂದ ಹಾದುಹೋಗುತ್ತಿವೆ. ಅವುಗಳಲ್ಲಿ ಹೆಚ್ಚಿನವು ಬಿಳಿಯವು, ಕೆಲವು ಕಂದುಬಣ್ಣದವು. ನಮ್ಮ ದೇಶದ ಎತ್ತುಗಳಿಗಿರುವ ಹಿಣಿಲು ಅವುಗಳಿಗಿಲ್ಲ. ಆದರೆ ಮೂತಿಯಿಂದ ಇಳಿಯುವ ಜೊಲ್ಲು, ನೊಗದ ಭಾರಕ್ಕೆ ತಗ್ಗಿದ ತಲೆ, ನಡೆಯುವಾಗ ಮಡಿಚಿಕೊಳ್ಳುವ ತೊಡೆಯ ಚರ್ಮ, ಇವೆಲ್ಲವೂ ಹೊಲದ ಬದುವಿನ ಮೇಲೆ ನಿಂತು ನೋಡಿದವರಿಗೆ ಚಿರಪರಿಚಿತವಾದವುಗಳು. ನಡುವಿನ ಒಂದು ಬಿಳಿಯ ಎತ್ತು ಮಾತ್ರ ದೊಡ್ಡ ಕಣ್ಣನ್ನು ತೆರೆದು ನಮ್ಮ ಕಡೆಗೆ ನೋಡುತ್ತಿರುವುದು. ಉಳುವ ಮನುಷ್ಯರ ಮುಖಗಳು ನಮಗೆ ಸರಿಯಾಗಿ ಕಾಣುವುದೇ ಇಲ್ಲ. ಅರಸರ ಯುದ್ಧಗಳಿಗೂ ಪುರಾಣದ ದೇವತೆಗಳಿಗೂ ಸಲ್ಲುತ್ತಿದ್ದ ಗೌರವದ ಸ್ಥಾನವನ್ನು ಈ ಇಪ್ಪತ್ತೇಳು ವರ್ಷದ ಸ್ತ್ರೀಯು ಉಳುವ ಎತ್ತಿಗೆ ಕೊಟ್ಟಳು. ಕುದುರೆಗಳ ಚಿತ್ರಕ್ಕೆ ಹೆಚ್ಚು ಕೀರ್ತಿ ಬಂದಿದ್ದರೂ, ನನ್ನ ಮನಸ್ಸು ಈ ಎತ್ತುಗಳ ಚಿತ್ರದ ಮೇಲೆಯೇ ನಿಲ್ಲುವುದು.

ಚಿತ್ರವು ಪ್ರದರ್ಶನಕ್ಕೆ ಬರುವ ಮೊದಲೇ, ಅದೇ ವರ್ಷದ ಮಾರ್ಚಿ ತಿಂಗಳಿನಲ್ಲಿ, ತಂದೆಯು ತೀರಿಹೋದನು. ಅವನು ಹೆಣ್ಣುಮಕ್ಕಳಿಗಾಗಿ ಸರಕಾರದವರು ನಡಿಸುತ್ತಿದ್ದ ಉಚಿತ ಚಿತ್ರಶಾಲೆಯ ಮುಖ್ಯಸ್ಥನಾಗಿದ್ದನು. ಆ ಕೆಲಸವು ರೋಸಾಳಿಗೆ ಬಂದಿತು. ತಂಗಿಯಾದ ಜೂಲಿಯೆಟ್ಟಳ ಸಹಾಯದಿಂದ 1860 ರ ವರೆಗೆ ಅದನ್ನು ನೋಡಿಕೊಂಡಳು. ಶಾಲೆಗಳಿಂದ ಹೊರಬಿದ್ದವಳು ಶಾಲೆಯ ಯಜಮಾನಿಯಾದ ಈ ಸಂಗತಿಯು ನನಗೆ ಸ್ವಲ್ಪ ಸಮಾಧಾನವನ್ನು ಕೊಟ್ಟಿದೆ.

ಇನ್ನು ಕುದುರೆ ಸಂತೆಯ ಚಿತ್ರದ ಕಥೆ. ಪ್ಯಾರಿಸಿನ ಒಂದು ಅಗಲವಾದ ಬೀದಿಯಲ್ಲಿ, ಸಾಲುಮರಗಳ ಕೆಳಗೆ, ಕುದುರೆಗಳ ಸಂತೆಯು ಸೇರುತ್ತಿದ್ದಿತು. ರೋಸಾ ಒಂದೂವರೆ ವರ್ಷದವರೆಗೆ ವಾರಕ್ಕೆ ಎರಡು ಸಲ ತಪ್ಪದೆ ಅಲ್ಲಿಗೆ ಹೋಗಿ ಬರೆದಳು. ಉದ್ದವಾದ ಲಂಗವನ್ನು ತೊಟ್ಟು ಆ ಕೆಸರಿನಲ್ಲಿಯೂ ಕುದುರೆಗಳ ಕಾಲ ಕೆಳಗೂ ಓಡಾಡುವುದು ಅಪಾಯವೇ ಸರಿ. ಅದಲ್ಲದೆ ದಲ್ಲಾಳಿಗಳೂ ಕುದುರೆ ಕಾಯುವವರೂ ಒಬ್ಬಂಟಿಗಳಾದ ಹೆಂಗಸನ್ನು ಸುಮ್ಮನೆ ಬಿಡುವವರಲ್ಲ. ಆದುದರಿಂದ ಅವಳು ಗಂಡಸಿನ ಉಡುಪನ್ನು ತೊಟ್ಟಳು. ಹಾಗೆ ತೊಡುವುದಕ್ಕೂ ಕಾಯಿದೆಯು ಅಡ್ಡವಾಗಿದ್ದಿತು. ಪ್ಯಾರಿಸಿನಲ್ಲಿ 1800 ನೆಯ ಇಸವಿಯಲ್ಲಿ ಹೊರಟ ಆಜ್ಞೆಯ ಪ್ರಕಾರ, ಗಂಡಸಿನ ಉಡುಪನ್ನು ಹಾಕಿಕೊಳ್ಳಬಯಸುವ ಹೆಂಗಸು ವೈದ್ಯನ ಸಹಿಯೊಡನೆ ಪೋಲೀಸ್ ಅಧಿಕಾರಿಯಿಂದ ಅಪ್ಪಣೆಯ ಚೀಟಿಯನ್ನು ಪಡೆಯಬೇಕು. ಚೀಟಿಯ ಅವಧಿ ಆರು ತಿಂಗಳು. ಮುಗಿದ ಮೇಲೆ ಮತ್ತೆ ಬೇಡಬೇಕು. ಆ ಉಡುಪಿನಲ್ಲಿ ನಾಟಕಗಳಿಗೂ ನೃತ್ಯಕೂಟಗಳಿಗೂ ಹೋಗಕೂಡದೆಂದೂ ಅದರಲ್ಲಿ ಬರೆದಿರುತ್ತಿದ್ದಿತು. ರೋಸಾ ಸಂಪಾದಿಸಿದ ಇಂಥ ಚೀಟಿಗಳಲ್ಲಿ 1857 ರದು ಇಂದಿಗೂ ಉಳಿದಿದೆ. ಈ ಆಜ್ಞೆಯು ಇನ್ನು ಸಲ್ಲದೆಂದು ಆ ದೇಶದ ಸರಕಾರದವರು ಬಾಯಿಬಿಟ್ಟು ಹೇಳಿದ್ದು 2013 ರಲ್ಲಿ ಎಂದರೆ ಯಾರಿಗೂ ನಗು ಬಾರದಿರದು.

ಹೀಗೆ ಕೂಡಿಸಿದ ಬರೆಹಗಳಿಂದ ಅವಳು ಎಂಟು ಅಡಿ ಎತ್ತರ, ಹದಿನಾರು ಅಡಿಗೂ ಹೆಚ್ಚು ಉದ್ದವಾದ ಕಿತ್ತಾನು ಬಟ್ಟೆಯ ಮೇಲೆ ತೈಲವರ್ಣದ ಚಿತ್ರವನ್ನು ಬರೆದಳು. ಬೆಳಗಿನ ಬಿಸಿಲು, ಎಡಗಡೆಗೆ ದೂರದಲ್ಲಿ ಒಂದು ದೊಡ್ಡ ಆಸ್ಪತ್ರೆಯ ಗುಮ್ಮಟ, ಬಲಗಡೆಗೆ ಮರಗಳ ಸಾಲು, ಅದರ ಕೆಳಗೆ ಕೊಳ್ಳುವವರ ಗುಂಪು. ಧೂಳೆಬ್ಬಿಸುತ್ತ ಕುದುರೆಗಳು ಸುತ್ತಿ ಬರುತ್ತಿವೆ. ಇವು ಭಾರವಾದ ಬಂಡಿಗಳನ್ನೆಳೆಯುವ ಪೆರ್ಷರೋನ್ ಜಾತಿಯ ದೊಡ್ಡ ಕುದುರೆಗಳು. ಒಂದು ಬಿಳಿಯ ಕುದುರೆಯು ಮುಂಗಾಲುಗಳನ್ನೆತ್ತಿ ನಿಂತಿದೆ. ಕಪ್ಪು ಕುದುರೆಯೊಂದು ಕಡಿವಾಣವನ್ನು ಜಗ್ಗುತ್ತಿದೆ. ಆಳುಗಳು ಮೈಯೆಲ್ಲಾ ಬಲವಾಗಿ ಹಿಡಿಯುತ್ತಿರುವರು. ಇವರೆಲ್ಲರ ನಡುವೆ ಟೋಪಿ ಹಾಕಿದ ಸವಾರನೊಬ್ಬನು ಕುದುರೆಯನ್ನು ಬಿಟ್ಟು ನಮ್ಮ ಕಡೆಗೆ ಮುಖವಿಟ್ಟಿರುವನು. ಆ ಮುಖವು ಗಂಡಸಿನ ವೇಷದಲ್ಲಿರುವ ರೋಸಾಳದೇ ಎಂದು ಕೆಲವರು ಊಹಿಸುವರು.

1853 ರ ಸಲೋನಿನಲ್ಲಿ ಇದನ್ನು ನೋಡಿದವರು ಬೆರಗಾದರು. ಇನ್ನು ಮೇಲೆ ರೋಸಾ ಬೊನರಳ ಚಿತ್ರಗಳನ್ನು ಪರೀಕ್ಷಿಸದೆಯೇ ಅಂಗೀಕರಿಸತಕ್ಕದ್ದೆಂದು ನಿಶ್ಚಯವಾಯಿತು. ಹುಟ್ಟೂರಿನಲ್ಲಿ ಇರಲಿ ಎಂದು ಅವಳು ಕಡಿಮೆ ಬೆಲೆಗೇ ಚಿತ್ರವನ್ನು ಬೋರ್ಡೋ ಪಟ್ಟಣದವರಿಗೆ ಕೊಡಮಾಡಿದಳು, ಅವರು ಕೊಳ್ಳಲಿಲ್ಲ. ಗಾಂಬಾರ್ ಎಂಬ ಲಂಡನ್ನಿನ ಚಿತ್ರವ್ಯಾಪಾರಿಯು 40,000 ಫ್ರಾಂಕುಗಳಿಗೆ ಕೊಂಡುಕೊಂಡು, 1855 ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದನು. ವಿಕ್ಟೋರಿಯಾ ರಾಣಿಯು ಅದನ್ನು ತನ್ನ ಅರಮನೆಗೆ ತರಿಸಿಕೊಂಡು ನೋಡಿದಳು. ಲೋಹದ ಫಲಕದ ಮೇಲೆ ಕೊರೆದು ಅಚ್ಚುಹಾಕಿದ ಅದರ ಪಟಗಳು ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಮನೆಮನೆಯ ಗೋಡೆಗಳನ್ನು ಸೇರಿದವು. ಮರುವರ್ಷ ರೋಸಾ ತಾನೇ ಇಂಗ್ಲೆಂಡ್ ಸ್ಕಾಟ್ಲೆಂಡ್‌ಗಳಲ್ಲಿ ಸಂಚರಿಸಿ, ಸ್ಕಾಟ್ಲೆಂಡಿನ ಬೆಟ್ಟಗಳ ಉದ್ದ ಕೂದಲಿನ ದನಗಳನ್ನು ಬರೆದುಕೊಂಡು ಹೋದಳು. ಮೂಲಚಿತ್ರವು ಕೈಯಿಂದ ಕೈಗೆ ಹೋಗಿ, 1887 ರಲ್ಲಿ 53,000 ಡಾಲರುಗಳಿಗೆ ಕಾರ್ನೇಲಿಯಸ್ ವಾಂಡರ್‌ಬಿಲ್ಟ್ ಎಂಬ ಶ್ರೀಮಂತನ ಪಾಲಾಯಿತು. ಅವನು ಅದನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ದಾನಮಾಡಿದನು, ಈಗಲೂ ಅಲ್ಲಿದೆ.

ಕೈಯಲ್ಲಿ ಹಣ ಬಂದ ಮೇಲೆ ರೋಸಾ 1859 ರಲ್ಲಿ ಫೌಂಟನ್‌ಬ್ಲೋ ಅರಣ್ಯದ ಅಂಚಿನಲ್ಲಿರುವ ಬೀ ಎಂಬ ಗ್ರಾಮದಲ್ಲಿ ಹಳೆಯದೊಂದು ದೊಡ್ಡ ಮನೆಯನ್ನು ಕೊಂಡು, ಮರುವರ್ಷ ಅಲ್ಲಿಗೆ ಹೋಗಿ ನೆಲೆಸಿದಳು. ಬಾಲ್ಯಸ್ನೇಹಿತೆಯಾದ ನತಾಲಿ ಮೀಕಾಸಳೂ ಅವಳ ತಾಯಿಯೂ ಸಂಗಡವಿದ್ದು ಮನೆವಾರ್ತೆಯನ್ನು ನೋಡಿಕೊಂಡರು. ರೋಸಾ ಮದುವೆಯಾಗಲಿಲ್ಲ. ಕುರಿ, ಆಡು, ಕುದುರೆ, ಜಿಂಕೆ, ಕಾಡುಹಂದಿ ಮುಂತಾದವುಗಳಿಂದ ಅಂಗಳವು ತುಂಬಿತ್ತು. ಕೆಲವು ಕಾಲ ಸಿಂಹಗಳನ್ನು ಸಹ ಸಾಕಿ, ಅವುಗಳ ಎದುರಿನಲ್ಲಿ ಕುಳಿತು ಬರೆದಳು. ಮನೆಯಲ್ಲಿರುವಾಗ ರೈತರಂತೆ ನೀಲಿಯ ನಿಲುವಂಗಿಯನ್ನೂ ಷರಾಯಿಯನ್ನೂ ತೊಟ್ಟು, ಸಿಗರೇಟು ಸೇದುತ್ತಿದ್ದಳು. ಈ ಕೊನೆಯ ಅಭ್ಯಾಸವನ್ನು ಮುಚ್ಚಿಡುವುದು ಸತ್ಯವಲ್ಲವಾದುದರಿಂದ ಬರೆದಿದ್ದೇನೆ. ಬಾಲಕಿಯರು ಅವಳಿಂದ ಕಲಿಯಬೇಕಾದ ವಿಷಯಗಳು ಬೇರೆ ಎಷ್ಟೋ ಇವೆ.

1864 ರ ಜೂನ್ ತಿಂಗಳಿನ ಒಂದು ದಿನ, ಅರಣ್ಯದ ಅರಮನೆಗೆ ಬಂದಿದ್ದ ಯೂಜಿನಿ ಚಕ್ರವರ್ತಿನಿಯು ಮುಂದಾಗಿ ತಿಳಿಸದೆ ಪರಿವಾರದೊಡನೆ ಈ ಮನೆಗೆ ಬಂದಳು. ನಿಲುವಂಗಿಯಲ್ಲಿ ಚಿತ್ರ ಬರೆಯುತ್ತಿದ್ದ ರೋಸಾ ಗಾಬರಿಗೊಂಡು, ತಕ್ಕ ಉಡುಪನ್ನು ಹಾಕಿಕೊಳ್ಳಲು ಪಟ್ಟ ಅವಸ್ಥೆಯನ್ನು ಬಳಿಕ ತಾನೇ ನಗುತ್ತ ಹೇಳುತ್ತಿದ್ದಳು. ಫ್ರಾನ್ಸಿನ ದೊಡ್ಡ ಗೌರವವಾದ ಲೀಜನ್ ಆಫ್ ಆನರ್ ಪದಕವು ಅದುವರೆಗೆ ಯಾವ ಚಿತ್ರಕಾರ್ತಿಗೂ ದೊರೆತಿರಲಿಲ್ಲ. ಮರುವರ್ಷ ಚಕ್ರವರ್ತಿಯು ಆಫ್ರಿಕದ ಅಲ್ಜೀರಿಯಕ್ಕೆ ಹೋಗಿದ್ದಾಗ ರಾಜ್ಯಭಾರವು ಯೂಜಿನಿಯ ಕೈಯಲ್ಲಿದ್ದಿತು. ಆ ಅಧಿಕಾರವು ಮುಗಿಯುವುದಕ್ಕೆ ಮುಂಚೆ ಆಕೆಯು ಪದಕವನ್ನು ಮಂಜೂರು ಮಾಡಿಸಿ, 1865 ರ ಜೂನ್ 10 ನೆಯ ತಾರೀಖಿನಲ್ಲಿ ತಾನೇ ಬೀ ಗ್ರಾಮಕ್ಕೆ ಬಂದು ರೋಸಾಳಿಗೆ ತೊಡಿಸಿದಳು. 1894 ರಲ್ಲಿ ಅದೇ ಗೌರವದ ಮೇಲಿನ ಪದವಿಯೂ ಅವಳಿಗೆ ಬಂದಿತು.

1870 ರಲ್ಲಿ ಪ್ರಷ್ಯದ ಸೈನ್ಯವು ಫ್ರಾನ್ಸಿನೊಳಗೆ ನುಗ್ಗಿದಾಗ, ರೋಸಾಳ ಮನೆಯನ್ನೂ ಚಿತ್ರಶಾಲೆಯನ್ನೂ ಯಾರೂ ಮುಟ್ಟಕೂಡದೆಂದು ಶತ್ರುಪಕ್ಷದ ರಾಜಕುಮಾರನೇ ಅಪ್ಪಣೆಮಾಡಿದ್ದನು. 1889 ರಲ್ಲಿ ನತಾಲಿಯು ತೀರಿಹೋದದ್ದು ಅವಳಿಗೆ ತಾಯಿಯ ಮರಣದ ತರುವಾಯ ಒದಗಿದ ದೊಡ್ಡ ದುಃಖ. ಅದೇ ವರ್ಷ ಬಫಲೋ ಬಿಲ್ ಎಂದು ಹೆಸರಾದ ಅಮೆರಿಕದ ಕೋಡಿಯು ತನ್ನ ಕುದುರೆ ಸವಾರರೊಡನೆ ಪ್ಯಾರಿಸಿಗೆ ಬಂದಿದ್ದನು. ರೋಸಾ ಅವನ ಬಿಡಾರಕ್ಕೆ ಹೋಗಿ ಅಮೆರಿಕದ ಮೂಲನಿವಾಸಿಗಳನ್ನೂ ಕಾಡುಕೋಣಗಳನ್ನೂ ನೋಡಿ ಬರೆದು, ಕುದುರೆಯ ಮೇಲೆ ಕುಳಿತ ಅವನ ಚಿತ್ರವನ್ನೂ ಬರೆದುಕೊಟ್ಟಳು. 1898 ರಲ್ಲಿ ಅನ್ನಾ ಕ್ಲಂಪ್ಕೆ ಎಂಬ ಅಮೆರಿಕದ ಚಿತ್ರಕಾರ್ತಿಯು ರೋಸಾಳ ಚಿತ್ರವನ್ನು ಬರೆಯಬೇಕೆಂದು ಬಂದು, ಮಗಳಂತೆ ಅಲ್ಲಿಯೇ ಉಳಿದಳು. ಆಸ್ತಿಯೆಲ್ಲವನ್ನೂ ರೋಸಾ ಇವಳ ಹೆಸರಿಗೆ ಬರೆದಳು. 1899 ನೆಯ ಇಸವಿ ಮೇ 25 ನೆಯ ತಾರೀಖಿನಲ್ಲಿ ಅವಳು ಬೀ ಗ್ರಾಮದ ಮನೆಯಲ್ಲಿ ತೀರಿಹೋದಳು. ಪ್ಯಾರಿಸಿನಲ್ಲಿ ನತಾಲಿಯ ಸಮಾಧಿಯಲ್ಲಿಯೇ ಅವಳನ್ನು ಹೂಳಿದರು. ಅಚ್ಚರಿಯೇನೆಂದರೆ, ಆಮೇಲಿನ ಐವತ್ತು ಅರುವತ್ತು ವರ್ಷಗಳಲ್ಲಿ ಹೊಸ ಬಗೆಯ ಚಿತ್ರಗಳ ಮೇಲೆ ಜನರ ಮನಸ್ಸು ತಿರುಗಿ, ಅವಳ ಹೆಸರು ಫ್ರಾನ್ಸಿನಲ್ಲಿಯೇ ಮರೆತುಹೋದಂತಾಯಿತು. 2022 ರಲ್ಲಿ, ಅವಳು ಹುಟ್ಟಿ ಇನ್ನೂರು ವರ್ಷಗಳಾದಾಗ, ಬೋರ್ಡೋದಲ್ಲಿಯೂ ಪ್ಯಾರಿಸಿನಲ್ಲಿಯೂ ಅವಳ ಚಿತ್ರಗಳ ದೊಡ್ಡ ಪ್ರದರ್ಶನವು ನಡೆಯಿತು. ಉಳುವ ಎತ್ತುಗಳ ಚಿತ್ರವು ಈಗ ಪ್ಯಾರಿಸಿನ ಓರ್ಸೇ ವಸ್ತುಸಂಗ್ರಹಾಲಯದಲ್ಲಿದೆ. ಬೀ ಗ್ರಾಮದ ಮನೆಯನ್ನೂ ಜನರು ಹೋಗಿ ನೋಡುವರು.

ಅವಳು ತೀರಿಹೋಗುವಾಗ ಒಂದು ಚಿತ್ರವು ಮುಗಿಯದೆ ನಿಂತಿತ್ತು. ಅದರಲ್ಲಿ ಕುದುರೆಗಳ ಗುಂಪೊಂದು ಕಣದಲ್ಲಿ ಹರಡಿದ ಗೋದಿಯ ತೆನೆಗಳನ್ನು ತುಳಿಯುತ್ತ, ನಮ್ಮಲ್ಲಿ ಎತ್ತುಗಳು ಹಂತಿಯಲ್ಲಿ ಸುತ್ತುವಂತೆ, ಓಡುತ್ತಿವೆ. ಕುದುರೆ ಸಂತೆಯ ಚಿತ್ರಕ್ಕಿಂತಲೂ ಇದು ದೊಡ್ಡದು. ಉದ್ದ ಇಪ್ಪತ್ತು ಅಡಿಗೂ ಹೆಚ್ಚು. ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ, ಬಿಡುವಾದಾಗಲೆಲ್ಲಾ ಅವಳು ಇದನ್ನು ತಿದ್ದುತ್ತಿದ್ದಳು. ಹಿಂದೆ ಅವಳ ಕುದುರೆಗಳನ್ನು ಬೇಡವೆಂದ ಬೋರ್ಡೋ ಪಟ್ಟಣದವರು ಈ ಮುಗಿಯದ ಕುದುರೆಗಳನ್ನು ಈಗ ತಮ್ಮ ಚಿತ್ರಶಾಲೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿರುವರು.